ನಡುದಾರಿಯ ಕಡತಗಳು

ಕಚೇರಿಯೊಂದರಲ್ಲಿ ನಿಯಮ ಬದಲಾದ ದಿನ ಅಲ್ಲಿ ಮೂರು ಬಗೆಯ ಕಡತಗಳಿರುತ್ತವೆ. ಕೆಲವು ಇತ್ಯರ್ಥವಾಗಿ ರೆಕಾರ್ಡ್ ರೂಮು ಸೇರಿರುತ್ತವೆ, ಕೆಲವು ಇನ್ನೂ ಬರಬೇಕಾಗಿರುತ್ತವೆ, ಉಳಿದವು ಯಾವುದೋ ಮೇಜಿನ ಮೇಲೆ, ಯಾರದೋ ಸಹಿಗೆ ಕಾಯುತ್ತ ನಡುದಾರಿಯಲ್ಲಿರುತ್ತವೆ. ಮುಗಿದದ್ದಕ್ಕೆ ಹಳೆಯ ನಿಯಮ, ಬರುವುದಕ್ಕೆ ಹೊಸ ನಿಯಮ. ನಡುವಿನದಕ್ಕೆ ಯಾವುದು? ಗಣಕ ವಿಜ್ಞಾನದವರು ಈ ಪ್ರಶ್ನೆಯನ್ನು ಮೂವತ್ತು ವರ್ಷಗಳಿಂದ ಚರ್ಚಿಸುತ್ತಿದ್ದಾರೆ. ಕಂದಾಯ ಇಲಾಖೆ ಅದನ್ನು ಇನ್ನೂರು ವರ್ಷಗಳಿಂದ ಎದುರಿಸುತ್ತಿದೆ. ಇಬ್ಬರೂ ಕಲಿತದ್ದನ್ನು ಒಟ್ಟಿಗೆ ಇಟ್ಟು ನೋಡಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಇಲ್ಲಿಯ ಹೊಲಗಳು ಇದ್ದಲ್ಲೇ ಇವೆ, ಅವುಗಳ ಮೇಲಿನ ಆಡಳಿತ ಮಾತ್ರ ಮತ್ತೆ ಮತ್ತೆ ಬದಲಾಗಿದೆ.

1800ರಲ್ಲಿ ನಿಜಾಮರಿಂದ ಕಂಪನಿ ಸರ್ಕಾರದ ಕೈಗೆ ಬಂದ ದತ್ತಮಂಡಲದ ಭಾಗ ಇದು. ಥಾಮಸ್ ಮನ್ರೋ 1807ರವರೆಗೆ ಇಲ್ಲಿಯ ಪ್ರಧಾನ ಕಲೆಕ್ಟರ್ ಆಗಿದ್ದು ಹೊಲಹೊಲ ಅಳೆಸಿದ. ಮುಂದೆ ಒಂದೂವರೆ ಶತಮಾನ ಮದ್ರಾಸಿನ ರೈತವಾರಿ ಲೆಕ್ಕ ನಡೆಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿದಂತೆ ಬಳ್ಳಾರಿಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಬಳ್ಳಾರಿಯನ್ನು ಬಿಟ್ಟು ಅಲ್ಲಿಗೆ ಸೇರಿತು. ಎರಡು ದಶಕದ ನಂತರ ಮರಳಿ ಬಳ್ಳಾರಿಗೆ ಬಂತು. ಅದೇ ಹೊತ್ತಿಗೆ ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರು ಹೊಸ ತಾಲ್ಲೂಕಾಯಿತು. 2021ರ ಫೆಬ್ರುವರಿ 8ರ ಅಧಿಸೂಚನೆ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆ ಮಾಡಿತು. ಈ ಐದೂ ತಾಲ್ಲೂಕುಗಳು ಅದರೊಳಗೆ ಬಂದವು. ಹರಪನಹಳ್ಳಿಯ ರೈತನೊಬ್ಬ ಕಾಲು ಶತಮಾನದೊಳಗೆ ಜಿಲ್ಲಾಧಿಕಾರಿಯನ್ನು ಕಾಣಲು ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಕೊನೆಗೆ ಹೊಸಪೇಟೆ ಎಂದು ದಾರಿ ಬದಲಿಸಿದ. ಲೋಕಸಭೆಗೆ ಮತ ಹಾಕುವಾಗ ಮಾತ್ರ ಅವನು ಇವತ್ತಿಗೂ ದಾವಣಗೆರೆ ಕ್ಷೇತ್ರದವನು.

ಇದೆಲ್ಲ ನಡೆಯುವಾಗ ಒಂದು ದಿನವೂ ಕಂದಾಯ ಕಚೇರಿ ಬಾಗಿಲು ಹಾಕಿಕೊಂಡಿರಲಿಲ್ಲ. ಜನ ಸಾಯುತ್ತಿದ್ದರು, ಪೌತಿ ಖಾತೆಗೆ ಅರ್ಜಿ ಬರುತ್ತಿತ್ತು. ಹೊಲ ಕೈ ಬದಲಾಗುತ್ತಿತ್ತು, ಅಣ್ಣತಮ್ಮಂದಿರು ಪಾಲಾಗುತ್ತಿದ್ದರು, ಬ್ಯಾಂಕು ಬೆಳೆಸಾಲ ಕೊಟ್ಟು ಪಹಣಿಯ ಋಣದ ಕಾಲಮ್ಮಿನಲ್ಲಿ ಬರೆಸುತ್ತಿತ್ತು. ಓಡುತ್ತಿರುವ ಕೆಲಸವನ್ನು ನಿಲ್ಲಿಸದೆಯೇ ಅದರ ನಿಯಮವನ್ನು ಬದಲಿಸಬೇಕಾದ ಪರಿಸ್ಥಿತಿ ಎಂದರೆ ಇದೇ.

ವಿದ್ವಾಂಸರ ಕಡೆಯ ಮಾತನ್ನು ಮೊದಲು ನೋಡೋಣ. 1995ರಲ್ಲಿ ಎಲ್ಲಿಸ್, ಕೆಡ್ಡಾರ, ರೋಜನ್‌ಬರ್ಗ್ ಎಂಬ ಮೂವರು ಒಂದು ಪ್ರಬಂಧದಲ್ಲಿ ಈ ತೊಡಕನ್ನು ಗಣಿತದ ಖಚಿತತೆಯಿಂದ ವಿವರಿಸಿದರು. ಒಂದಾದ ಮೇಲೊಂದರಂತೆ ಎರಡು ಕೆಲಸಗಳಿವೆ ಎನ್ನಿ: ಮೊದಲು ಸ್ಥಳ ತನಿಖೆ, ಆಮೇಲೆ ನೋಟಿಸು. ಹೊಸ ನಿಯಮ ಈ ಕ್ರಮವನ್ನು ತಿರುಗಿಸಿ ಮೊದಲು ನೋಟಿಸು, ಆಮೇಲೆ ತನಿಖೆ ಎಂದಿತು. ತನಿಖೆ ಮುಗಿದು ನೋಟಿಸಿಗೆ ಕಾದಿದ್ದ ಅರ್ಜಿಯನ್ನು ‘ಒಂದು ಹೆಜ್ಜೆ ಮುಗಿದಿದೆ’ ಎಂದಷ್ಟೇ ಗುರುತಿಸಿ ಹೊಸ ದಾರಿಯ ನಡುವೆ ಕೂರಿಸಿದರೆ, ಅದಕ್ಕೆ ತನಿಖೆ ಎರಡು ಸಲ ಆಗುತ್ತದೆ, ನೋಟಿಸು ಹೋಗುವುದೇ ಇಲ್ಲ. ಹಳೆಯ ನಿಯಮದಲ್ಲಿ ತಪ್ಪಿಲ್ಲ, ಹೊಸದರಲ್ಲೂ ಇಲ್ಲ. ತಪ್ಪು ದಾಟಿಸುವಾಗ ಹುಟ್ಟಿತು. ನೋಟಿಸೇ ಸಿಗದ ಪಾಲುದಾರನ ಹಕ್ಕು ಹೀಗೆ ಯಾರ ದುರುದ್ದೇಶವೂ ಇಲ್ಲದೆ ಕಳೆದುಹೋಗಬಹುದು. ಈ ಕ್ಷೇತ್ರದ ಅತ್ಯಂತ ಮುಖ್ಯವಾದ ತಿಳಿವಳಿಕೆ ಇದು ಎಂದು ನನಗನಿಸುತ್ತದೆ.

ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದಲ್ಲಿ ಮಾನ್‌ಫ್ರೆಡ್ ರೈಶರ್ಟ್ ಮತ್ತು ಪೀಟರ್ ದಾದಾಮ್ ಇದಕ್ಕೆ ಸರಳವೆನಿಸುವ ಒಂದು ಪರೀಕ್ಷೆ ಸೂಚಿಸಿದರು. ಈ ಅರ್ಜಿಯ ಮೇಲೆ ಇಲ್ಲಿಯವರೆಗೆ ಆಗಿರುವ ಕೆಲಸವನ್ನೆಲ್ಲ, ಆದ ಕ್ರಮದಲ್ಲೇ, ಹೊಸ ನಿಯಮದಡಿಯಲ್ಲೂ ಮಾಡಬಹುದಿತ್ತೇ? ಮಾಡಬಹುದಿತ್ತು ಎಂದಾದರೆ ಹೊಸ ದಾರಿಗೆ ದಾಟಿಸಿ. ಇಲ್ಲವೆಂದರೆ ಹಳೆಯದರಲ್ಲೇ ಮುಗಿಯಲಿ. ಅಂದರೆ ಒಂದೇ ಕಚೇರಿಯಲ್ಲಿ ಕೆಲಕಾಲ ಎರಡು ನಿಯಮಗಳು ಅಕ್ಕಪಕ್ಕ ಬದುಕಬೇಕು, ಯಾವ ಅರ್ಜಿ ಯಾವುದರ ಕೆಳಗಿದೆ ಎಂಬುದು ಅರ್ಜಿಯ ಮೇಲೇ ಬರೆದಿರಬೇಕು.

ಆಮೇಲಿನ ತಿರುವು ನಮಗೆ ಇನ್ನೂ ಹತ್ತಿರದ್ದು. 2003ರಲ್ಲಿ ಐಬಿಎಂನ ಅನಿಲ್ ನಿಗಮ್ ಮತ್ತು ನೇಥನ್ ಕ್ಯಾಸ್ವೆಲ್ ಕೆಲಸವನ್ನು ಹೆಜ್ಜೆಗಳ ಸಾಲಾಗಿ ನೋಡುವ ಬದಲು, ಒಂದು ದಾಖಲೆ ಹುಟ್ಟಿ ಬೆಳೆದು ಮುಗಿಯುವ ಬದುಕಾಗಿ ನೋಡಬೇಕೆಂದರು. ಉಲ್ಮ್‌ನವರ ಫಿಲ್‌ಹಾರ್ಮೋನಿಕ್‌ಫ್ಲೋಸ್ ಎಂಬ ವ್ಯವಸ್ಥೆ ಇದನ್ನೇ ಮುಂದೆ ಒಯ್ದಿತು. ಅಲ್ಲಿ ಅರ್ಜಿ ಎಲ್ಲಿಗೆ ಬಂದಿದೆ ಎಂಬುದನ್ನು ಹೇಳುವುದು ಯಾವ ಮೇಜಿನ ಮೇಲಿದೆ ಎಂಬ ಸಂಗತಿಯಲ್ಲ, ಅದರಲ್ಲಿ ಯಾವ ಕಾಲಮ್ಮುಗಳು ತುಂಬಿವೆ ಎಂಬ ಸಂಗತಿ. ಸಮೀಕ್ಷೆಯ ನಕ್ಷೆ ಸೇರಿದೆಯೇ, ತಕರಾರು ಬಂದಿದೆಯೇ, ಸಂಬಂಧಪಟ್ಟ ಇನ್ನೊಂದು ದಾಖಲೆ ಸಿದ್ಧವಾಗಿದೆಯೇ: ಇವೇ ಅದರ ಸ್ಥಿತಿ. ಕ್ರಮ ತಿರುಗಿದರೂ ನೋಟಿಸಿನ ಕಾಲಮ್ಮು ಖಾಲಿ ಇದೆ ಎಂಬುದು ಕಣ್ಣಿಗೆ ಬೀಳುತ್ತದೆ, ಮೇಲೆ ಹೇಳಿದ ತಪ್ಪು ನುಸುಳುವುದಿಲ್ಲ. ಹೊಸ ಕಾಲಮ್ಮು ಸೇರಿಸಿದರೆ ಹಳೆಯ ಅರ್ಜಿ ಅದೊಂದನ್ನು ಮಾತ್ರ ಕೇಳುತ್ತದೆ, ಮೊದಲಿನಿಂದ ಶುರು ಮಾಡುವುದಿಲ್ಲ. ನಡೆಯುತ್ತಿರುವ ಅರ್ಜಿಗಳನ್ನು ಕೆಡಿಸದೆ ಇಂಥ ವ್ಯವಸ್ಥೆಯನ್ನೇ ತಿದ್ದುವುದು ಹೇಗೆಂದು ಅದೇ ಗುಂಪು ಈಚಿನ ವರ್ಷಗಳಲ್ಲಿ ಹುಡುಕಿದೆ.

ಈಗ ತಾಲ್ಲೂಕು ಕಚೇರಿಗೆ ಬರೋಣ. ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆ, ಎನ್ನುವುದು ಹುಟ್ಟಿನಿಂದಲೇ ದಾಖಲೆಯನ್ನು ನಡುವಿಟ್ಟುಕೊಂಡ ಕೆಲಸ. ಕ್ರಯಪತ್ರ ನೋಂದಣಿಯಾದರೆ ಉಪನೋಂದಣಾಧಿಕಾರಿಯಿಂದ ಜೆ ಸ್ಲಿಪ್ ಎಂಬ ಮಾಹಿತಿ ಚೀಟಿ ಬರುತ್ತದೆ. ಹೊಲದ ಒಂದು ತುಂಡನ್ನಷ್ಟೇ ಮಾರಿದ್ದರೆ ಆ ತುಂಡನ್ನು ಗುರುತಿಸುವ 11ಇ ನಕ್ಷೆ ಬೇಕು. ನೋಟಿಸು ಹೊರಡಿಸಿ ತಕರಾರಿಗೆ ಕಾಯಬೇಕು. ತಕರಾರಿಲ್ಲದಿದ್ದರೆ ಕಂದಾಯ ನಿರೀಕ್ಷಕರ ಮಟ್ಟದಲ್ಲೇ ಮುಗಿಯುತ್ತದೆ. ಬಂದರೆ ವಿವಾದದ ರಿಜಿಸ್ಟರಿಗೆ ಏರಿ ತಹಶೀಲ್ದಾರರ ಮುಂದೆ ವಿಚಾರಣೆ, ಅಲ್ಲಿಂದ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಜಿಲ್ಲಾಧಿಕಾರಿಗೆ ಪುನರ್ವಿಮರ್ಶೆ. 1964ರ ಭೂಕಂದಾಯ ಕಾಯ್ದೆ ಹಾಕಿದ ಈ ಚೌಕಟ್ಟು ಇವತ್ತಿಗೂ ಇದೆ. ಅದರೊಳಗಿನ ಯಂತ್ರ ಮಾತ್ರ ಹಲವು ಸಲ ಬದಲಾಗಿದೆ.

1953ರ ಬದಲಾವಣೆ ನಡೆದ ರೀತಿಯಲ್ಲಿ ಕಲಿಯಬೇಕಾದ ವಿವೇಕವಿದೆ. ರಾಜ್ಯ ಬದಲಾಯಿತು, ಕಾನೂನು ಅದೇ ದಿನ ಬದಲಾಗಲಿಲ್ಲ. ಬಳ್ಳಾರಿ ಭಾಗಕ್ಕೆ ಮದ್ರಾಸಿನ ಕಂದಾಯ ಕಾನೂನುಗಳೇ ಮುಂದುವರಿದವು. ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂಬ ಐದು ಕಡೆಯ ಪದ್ಧತಿಗಳನ್ನು ಒಂದುಗೂಡಿಸಿದ ಕಾಯ್ದೆ ಜಾರಿಯಾದದ್ದು 1964ರ ಏಪ್ರಿಲ್ 1ರಂದು. ಹತ್ತೂವರೆ ವರ್ಷ ಎರಡು ಲೋಕಗಳು ಜೊತೆಯಲ್ಲಿದ್ದವು. ಹೊಸ ಕಾಯ್ದೆ ಬಂದಾಗಲೂ ರದ್ದತಿಯ ಜೊತೆ ಉಳಿಕೆಯ ಕಲಮು ಬಂತು: ಹಳೆಯ ಕಾಯ್ದೆಯಡಿ ಆಗಿದ್ದು ಆದಂತೆಯೇ ಎಂಬ ಕಲಮು. ಒಂದು ಕಾನೂನು ರದ್ದಾದರೂ, ಬೇರೆ ಉದ್ದೇಶ ಕಾಣದಿದ್ದರೆ, ಅದರಡಿ ಶುರುವಾದ ನಡವಳಿಗಳು ಅದರಂತೆಯೇ ಮುಗಿಯಬೇಕೆಂದು ನಮ್ಮ ಸಾಮಾನ್ಯ ಖಂಡಗಳ ಕಾಯ್ದೆ 1899ರಿಂದಲೇ ಹೇಳುತ್ತಿದೆ. ಉಲ್ಮ್‌ನ ಪ್ರಯೋಗಾಲಯ ಹುಟ್ಟುವ ಮೊದಲೇ ಕಾನೂನು ಬರೆಯುವವರು ಈ ಪಾಠ ಕಲಿತಿದ್ದರು. ಶಾಸನಸಭೆಯಲ್ಲಿ ಪಾಲಿಸುವ ಈ ಶಿಸ್ತು ಸುತ್ತೋಲೆಗಳಿಗೂ ಸಾಫ್ಟ್‌ವೇರಿನ ಹೊಸ ಆವೃತ್ತಿಗಳಿಗೂ ಇಳಿಯಲಿಲ್ಲ ಎಂಬುದೇ ನನ್ನ ಕೊರಗು.

ಹೊಸ ಚೌಕಟ್ಟು ಬಂದ ಮೇಲೂ ಹಳೆಯ ಅಳತೆ ಉಳಿಯಿತು. ಹಳೆ ಮೈಸೂರು, ಮುಂಬಯಿ ಕರ್ನಾಟಕದಲ್ಲಿ ಎಕರೆಗೆ 40 ಗುಂಟೆ. ಬಳ್ಳಾರಿ ಸೀಮೆಯಲ್ಲಿ ಮದ್ರಾಸಿನ ಕಾಲದಿಂದ ಎಕರೆಗೆ 100 ಸೆಂಟ್ಸ್. ಅರ್ಧ ಎಕರೆ ಎಂಬುದು ಒಂದು ಲೆಕ್ಕದಲ್ಲಿ 0-20, ಇನ್ನೊಂದರಲ್ಲಿ 0-50. ಹೊರಗಿನ ಜಿಲ್ಲೆಯಿಂದ ವರ್ಗವಾಗಿ ಬಂದ ಸಿಬ್ಬಂದಿಗೂ, ಇಡೀ ರಾಜ್ಯಕ್ಕೆ ಒಂದೇ ನಮೂನೆ ಬರೆದ ತಂತ್ರಜ್ಞರಿಗೂ ಇದು ಸಣ್ಣ ವಿವರವೆನಿಸಬಹುದು. ಹೊಲದವನಿಗೆ ಅದು ಸಣ್ಣದಲ್ಲ. ಗುಂಟೆಯೆಂದು ಓದಿದ ಸೆಂಟ್ಸ್ ಹೊಲವನ್ನು ಎರಡೂವರೆ ಪಟ್ಟು ಹಿಗ್ಗಿಸುತ್ತದೆ. ಸಂಖ್ಯೆಯನ್ನು ಅದರ ಮಾನದ ಜೊತೆಯಲ್ಲೇ ಒಯ್ಯಬೇಕೆಂಬ ಪಾಠವನ್ನು ಈ ನೆಲ ತುಂಬ ಹಿಂದೆಯೇ ಕಲಿಸಿತ್ತು.

ದೊಡ್ಡ ತಿರುವು ‘ಭೂಮಿ’ ಯೋಜನೆ. ಹೊಸ ಶತಮಾನದ ಆರಂಭದಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 67 ಲಕ್ಷ ರೈತರ ದಾಖಲೆಗಳವು. ಈ ಕೆಲಸದ ಒಂದು ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ: ಇಡೀ ರಾಜ್ಯದಲ್ಲಿ ಒಂದೇ ದಿನ ಬದಲಿಸಲಿಲ್ಲ. ತಾಲ್ಲೂಕಿನ ದಾಖಲೆ ಏರಿಸಿ, ಮುದ್ರಿಸಿ, ಗ್ರಾಮ ಲೆಕ್ಕಿಗರಿಂದ ತಾಳೆ ನೋಡಿಸಿ, ತಿದ್ದಿ, ಆಮೇಲೆ ಆ ತಾಲ್ಲೂಕಿಗೆ ಕೈಬರಹದ ಪಹಣಿಯನ್ನು ನಿಷೇಧಿಸಿದರು. ಮ್ಯುಟೇಶನ್ ಅರ್ಜಿಗಳು ಬಂದ ಕ್ರಮದಲ್ಲೇ ಇತ್ಯರ್ಥವಾಗಬೇಕೆಂಬ ಸರದಿಯನ್ನು ಕಂಪ್ಯೂಟರೇ ಕಾಯುವಂತೆ ಮಾಡಿದರು. ಯಾರ ಅರ್ಜಿ ಮೊದಲು ಎಂಬುದನ್ನು ಗುಮಾಸ್ತರು ತೀರ್ಮಾನಿಸುವುದು ತಪ್ಪಿತು. ಬೆರಳಚ್ಚು ಒತ್ತದೆ ಅಧಿಕಾರಿ ದಾಖಲೆ ತಿದ್ದುವಂತಿರಲಿಲ್ಲ. ಬಡವನಿಗೆ ಇದರಿಂದ ಆದ ಉಪಕಾರವನ್ನು ಕಡಿಮೆ ಎಣಿಸಲಾಗದು.

ಅದೇ ಹೊತ್ತಿಗೆ ಭೂಮಿ ಇನ್ನೊಂದನ್ನೂ ತೋರಿಸಿತು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ ಟಿಪ್ಪಣಿಗೆ, ಊರಿಗೆಲ್ಲ ಗೊತ್ತಿದ್ದೂ ಕಾಗದಕ್ಕೆ ಬಾರದ ಪಾಲುಪಟ್ಟಿಗೆ ಕಾಲಮ್ಮಿರಲಿಲ್ಲ. ಕೈಬರಹದ ಪುಸ್ತಕ ಅನುಮಾನವನ್ನು ಅನುಮಾನವಾಗಿಯೇ ಇಟ್ಟುಕೊಳ್ಳಬಲ್ಲದಾಗಿತ್ತು. ಕಂಪ್ಯೂಟರಿನ ಚೌಕಕ್ಕೆ ಹೌದು ಇಲ್ಲವೇ ಅಲ್ಲ ಬೇಕು. ಹೀಗೆ ನಡುದಾರಿಯಲ್ಲಿದ್ದ ಎಷ್ಟೋ ಸಂಗತಿಗಳು ದಾಟುವಾಗ ಒಂದು ಕಡೆಗೆ ವಾಲಿದವು. ಅವನ್ನು ಮರಳಿ ಸರಿಪಡಿಸುವುದು ಪಹಣಿ ತಿದ್ದುಪಡಿ ಎಂಬ ಹೆಸರಿನಲ್ಲಿ ಇವತ್ತಿಗೂ ನಡೆದಿದೆ.

ಆಮೇಲಿನ ಬದಲಾವಣೆಗಳು ಬೇಗ ಬೇಗ ಬಂದವು. ನೋಂದಣಿಯ ಕಾವೇರಿ, ಅಳತೆಯ ಮೋಜಿಣಿ, ನಾಡಕಚೇರಿ ಭೂಮಿಯ ಸುತ್ತ ಬೆಳೆದವು. 2012ರಲ್ಲಿ ಸಕಾಲ ಜಾರಿಯಾಗಿ ಪ್ರತಿ ಅರ್ಜಿಗೂ ಗಡುವು ಬಂತು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. 2023ರಲ್ಲಿ ಕಾವೇರಿ 2.0 ಬಂತು, 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಆಂದೋಲನ. ತಕರಾರಿಗೆ ಕೊಡುತ್ತಿದ್ದ 30 ದಿನಗಳ ಅವಧಿಯೂ ಮೊಟಕಾಯಿತು.

ಈ ಕೊನೆಯದನ್ನು ಕೂಡ್ಲಿಗಿ, ಹರಪನಹಳ್ಳಿಯ ತಾಂಡಾಗಳ ಕಣ್ಣಿನಿಂದ ನೋಡಬೇಕು. ಮಳೆ ಕೈಕೊಟ್ಟರೆ ಇಲ್ಲಿಯ ಜನ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ, ವಯಸ್ಸಾದವರು ಮಾತ್ರ ಊರಲ್ಲಿ. ಚಾವಡಿಯ ಗೋಡೆಗೆ ಅಂಟಿಸಿದ ನೋಟಿಸನ್ನು ಹಬ್ಬಕ್ಕೆ ಬಂದಾಗ ಓದುವವನಿಗೆ 30 ದಿನವೇ ಸಾಲದಾಗಿತ್ತು. ಗಡುವು ಕಡಿಮೆಯಾದರೆ ಕೊಳ್ಳುವವನಿಗೆ ಅನುಕೂಲ, ಅದನ್ನು ಒಪ್ಪೋಣ. ಆದರೆ ಹಳೆಯ ಗಡುವಿನಡಿ ನೋಟಿಸು ಪಡೆದ ತಕರಾರುದಾರನಿಗೆ ಆ ಹಳೆಯ ಅವಧಿ ಪೂರ್ತಿ ಸಿಗಲೇಬೇಕು. ನೋಟಿಸು ಹೊರಟ ದಿನಾಂಕ ದಾಖಲೆಯಲ್ಲೇ ಇರುವುದರಿಂದ ತಂತ್ರಾಂಶಕ್ಕೆ ಇದು ಕಷ್ಟದ ಕೆಲಸವೂ ಅಲ್ಲ.

ತಾಲ್ಲೂಕು, ಜಿಲ್ಲೆಗಳ ಗಡಿ ಬದಲಾದಾಗ ಸರ್ವೆ ನಂಬರು ಬದಲಾಗಲಿಲ್ಲ. ಆ ನಂಬರು ಗಟ್ಟಿಯಾಗಿದ್ದದ್ದರಿಂದಲೇ ಕೊಟ್ಟೂರಿನ ಪಹಣಿಗಳು ಕೂಡ್ಲಿಗಿಯ ಹೆಸರಿನಿಂದ ಬಿಡಿಸಿಕೊಂಡು ಹೊಸ ತಾಲ್ಲೂಕಿನ ಹೆಸರಿಗೆ ಸುಲಭವಾಗಿ ಬಂದವು. ಕಷ್ಟಪಡುವುದು ಸಂಬಂಧಗಳು. ಹಕ್ಕುಪತ್ರ, ಮಂಜೂರಾತಿ ಕಡತ, ಹಳೆಯ ಮ್ಯುಟೇಶನ್ ರಿಜಿಸ್ಟರು ಹಿಂದಿನ ಕಚೇರಿಯಲ್ಲಿ ಹುಟ್ಟಿದಂಥವು. ಹರಪನಹಳ್ಳಿಯಲ್ಲಿ 1996ರಲ್ಲಿ ಶುರುವಾದ ಭೂವ್ಯಾಜ್ಯವೊಂದು ಜಿಲ್ಲಾಧಿಕಾರಿಯವರೆಗೆ ಹೋಗಿ, ಉಚ್ಚ ನ್ಯಾಯಾಲಯದಿಂದ ಮರುವಿಚಾರಣೆಗೆ ವಾಪಸಾಗಿದೆ ಎಂದಿಟ್ಟುಕೊಳ್ಳೋಣ. ಅದರ ಮೂಲ ಕಾಗದ ಬಳ್ಳಾರಿಯದು, ಆದೇಶ ದಾವಣಗೆರೆಯದು, ವಿಚಾರಣೆ ಹೊಸಪೇಟೆಯದು. ಅಧಿಕಾರ ಒಂದೇ ಅಧಿಸೂಚನೆಯಿಂದ ದಾಟುತ್ತದೆ. ಕಾಗದ ದಾಟಲು ಪಟ್ಟಿ ಬೇಕು, ಕೊಟ್ಟವರ ಮತ್ತು ಪಡೆದವರ ಸಹಿ ಬೇಕು. ಹೊಸ ಕಚೇರಿ ಇಂಥ ಅರ್ಜಿಗೆ ಹೊಸ ನಂಬರು ಕೊಟ್ಟರೆ ಇನ್ನೊಂದು ಅಪಾಯ: ಸಕಾಲದ ಗಡಿಯಾರ ಸೊನ್ನೆಯಿಂದ ಎಣಿಸತೊಡಗುತ್ತದೆ, ಲೆಕ್ಕದಲ್ಲಿ ವಿಳಂಬವೇ ಕಾಣುವುದಿಲ್ಲ, ರೈತ ಕಾದ ಕಾಲ ಅಳಿಸಿಹೋಗುತ್ತದೆ.

ಹರಪನಹಳ್ಳಿಗೆ ಸಂವಿಧಾನದ 371ಜೆ ವಿಧಿಯ ವಿಷಯದಲ್ಲೂ ಇಂಥ ಪ್ರಶ್ನೆ ಬಂತು. 2013ರಲ್ಲಿ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸ್ಥಾನಮಾನ ಜಾರಿಯಾದಾಗ ಬಳ್ಳಾರಿ ಒಳಗಿತ್ತು, ದಾವಣಗೆರೆ ಹೊರಗಿತ್ತು. 1997ರ ಗಡಿರೇಖೆಯಿಂದಾಗಿ ಹರಪನಹಳ್ಳಿಯ ಮಕ್ಕಳು ಪಕ್ಕದ ಹಡಗಲಿಯ ಮಕ್ಕಳಿಗೆ ಸಿಕ್ಕ ಮೀಸಲು ಕಳೆದುಕೊಂಡರು. ಹೋರಾಟ ನಡೆದು ಆ ಸ್ಥಾನಮಾನ ಹರಪನಹಳ್ಳಿಗೂ ಸಿಕ್ಕಿತು. ಆ ಹೊತ್ತಿಗೆ ಅರ್ಜಿ ಹಾಕಿ ಕಾಯುತ್ತಿದ್ದವರ ಗತಿ? ನೇಮಕಾತಿಯಲ್ಲಿ ಇದಕ್ಕೊಂದು ಸ್ಪಷ್ಟ ಅಳತೆಗೋಲಿದೆ: ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದಂದು ಯಾವ ಅರ್ಹತೆ ಇತ್ತೋ ಅದೇ ಲೆಕ್ಕ. ಕೆಲವರಿಗೆ ಇದು ಕಹಿ. ಆದರೂ ಮುಂಚೆಯೇ ಎಲ್ಲರಿಗೂ ಗೊತ್ತಿರುವ ದಿನಾಂಕವಾದ್ದರಿಂದ ಮೇಜಿನ ಹಿಂದೆ ಕೂತವರ ಮರ್ಜಿಗೆ ಜಾಗವಿಲ್ಲ. ಕಂದಾಯದ ಅರ್ಜಿಗಳಿಗೂ ಇಂಥದೊಂದು ದಿನಾಂಕ ಬೇಕು.

ದಾಖಲೆಯೇ ಕೆಲಸವನ್ನು ನಡೆಸುವುದರ ಶಕ್ತಿ, ದೌರ್ಬಲ್ಯ ಎರಡೂ ಒಟ್ಟಿಗೆ ಕಂಡದ್ದು 2023ರ ಬರದಲ್ಲಿ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪರಿಹಾರಕ್ಕೆ ರೈತ ಅರ್ಜಿಯನ್ನೇ ಹಾಕಬೇಕಾಗಿರಲಿಲ್ಲ. ಭೂಮಿಯಿಂದ ಹಿಡುವಳಿ, ಬೆಳೆ ಸಮೀಕ್ಷೆಯಿಂದ ಬೆಳೆ, ಫ್ರೂಟ್ಸ್ ಐಡಿಯಿಂದ ರೈತನ ಗುರುತು, ಆಧಾರ್ ಜೋಡಿಸಿದ ಖಾತೆಗೆ ನೇರ ಹಣ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕಕ್ಕೆ 22,500, ಎರಡು ಹೆಕ್ಟೇರಿನ ಮಿತಿ. ಕೇಂದ್ರದ ಹಣ ಬರುವುದು ತಡವಾದಾಗ ರಾಜ್ಯ ಸರ್ಕಾರ ನಡುವೆಯೇ ನಿಯಮ ಬದಲಿಸಿತು: ಮೊದಲ ಕಂತಾಗಿ 2,000 ರೂಪಾಯಿವರೆಗೆ ಈಗಲೇ, ಉಳಿದದ್ದು ಆಮೇಲೆ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೇಂದ್ರ 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಆಗ ಮೊದಲ ಕಂತನ್ನು ಕಳೆದು ಬಾಕಿ ಪಾವತಿಯಾಯಿತು. ಪ್ರತಿ ರೈತನ ದಾಖಲೆಯಲ್ಲೂ ಎಷ್ಟು ಹೋಗಿದೆ, ಎಷ್ಟು ಬಾಕಿ ಎಂಬುದು ಇದ್ದದ್ದರಿಂದಲೇ ಇದು ಸಾಧ್ಯವಾಯಿತು. ಮೇಜಿನಿಂದ ಮೇಜಿಗೆ ಹೋಗುವ ಹಳೆಯ ಕಡತಗಳ ಕಾಲದಲ್ಲಿ ಇಂಥ ತಿರುವು ತಿಂಗಳುಗಟ್ಟಲೆ ಹಿಡಿಯುತ್ತಿತ್ತು.

ಈ ವ್ಯವಸ್ಥೆಯಲ್ಲಿ ಯಾರು ಬಿಟ್ಟುಹೋಗುತ್ತಾರೆ ಎಂಬುದನ್ನೂ ನೋಡಬೇಕು. ಅಜ್ಜನ ಹೆಸರಿನಲ್ಲೇ ಪಹಣಿ ಇರುವ ಮನೆ: ಅಜ್ಜನಿಗೆ ಆಧಾರ್ ಇಲ್ಲ, ಮೊಮ್ಮಗನ ಹೆಸರಿನಲ್ಲಿ ಹೊಲವಿಲ್ಲ, ಹಾಗಾಗಿ ಫ್ರೂಟ್ಸ್ ಐಡಿಯೂ ಇಲ್ಲ. ಬಿತ್ತಿದವನಿಗೆ ಬರ ಬಂದದ್ದು ನಿಜ, ದಾಖಲೆಯ ಮಟ್ಟಿಗೆ ಅವನು ರೈತನೇ ಅಲ್ಲ. ಗೇಣಿಗೆ ಮಾಡಿದವನದೂ ಇದೇ ಪಾಡು. ಅರ್ಜಿ ಹಾಕುವ ಪದ್ಧತಿಯಲ್ಲಿ ಅವನು ಕನಿಷ್ಠ ಬಾಗಿಲಿಗೆ ಬಂದು ಕೇಳುತ್ತಿದ್ದ, ಅವನ ಹೆಸರಿನಲ್ಲಿ ಒಂದು ತಿರಸ್ಕೃತ ಕಾಗದವಾದರೂ ಇರುತ್ತಿತ್ತು. ದಾಖಲೆಯೇ ನಡೆಸುವ ಕೆಲಸದಲ್ಲಿ ದಾಖಲೆಯಿಲ್ಲದವನು ತಿರಸ್ಕೃತನೂ ಆಗುವುದಿಲ್ಲ. ಪೌತಿ ಖಾತೆಯನ್ನು ಈಗ ಆಂದೋಲನವಾಗಿ ಕೈಗೆತ್ತಿಕೊಂಡಿರುವುದು ಸರಿಯಾದ ದಿಕ್ಕು, ಬಹಳ ತಡವಾಗಿ ಬಂದದ್ದಾದರೂ. ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳಾಗಿ ಮಾಡುವ ಕೆಲಸವೂ ಇದರ ಜೊತೆಗೇ ಹೋಗಬೇಕು.

ಎಲ್ಲ ಬದಲಾವಣೆಗಳೂ ಕೊನೆಗೆ ಬಂದು ನಿಲ್ಲುವುದು ಗ್ರಾಮ ಲೆಕ್ಕಿಗರ, ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳ, ಕೈಯಲ್ಲಿ. ಹತ್ತಾರು ಮೊಬೈಲ್ ಆ್ಯಪ್‌ಗಳ ಕೆಲಸ ಹೊರಿಸಿ ಸೌಲಭ್ಯ ಕೊಟ್ಟಿಲ್ಲವೆಂದು ಅವರು 2024ರ ಸೆಪ್ಟೆಂಬರ್‌ನಲ್ಲಿಯೂ 2025ರ ಫೆಬ್ರುವರಿಯಲ್ಲಿಯೂ ಮುಷ್ಕರ ಹೂಡಿದರು. ಅವರ ಅಳಲನ್ನು ಸಂಬಳ ಸೌಲಭ್ಯದ ಮಾತೆಂದು ಬದಿಗೆ ಸರಿಸಬಾರದು. ಹಳೆಯ ಅರ್ಜಿ ಹೊಸ ಆ್ಯಪ್‌ನಲ್ಲಿ ಕಾಣದಿದ್ದಾಗ ರೈತ ಬಂದು ಕೇಳುವುದು ಅವರನ್ನೇ. ಉತ್ತರ ಅವರ ಬಳಿ ಇರುವುದಿಲ್ಲ, ಏಕೆಂದರೆ ನಡುದಾರಿಯ ಅರ್ಜಿಗೆ ಏನು ಮಾಡಬೇಕೆಂದು ಆದೇಶದಲ್ಲಿ ಬರೆದೇ ಇರುವುದಿಲ್ಲ.

ಬರೆಯುವುದು ಅಸಾಧ್ಯವೇನಲ್ಲ. ಪ್ರತಿ ಸುತ್ತೋಲೆಯಲ್ಲಿ, ಪ್ರತಿ ಹೊಸ ಆವೃತ್ತಿಯ ಜೊತೆ ಒಂದು ಪುಟ ಸಾಕು: ಯಾವ ದಿನಾಂಕದ ಅರ್ಜಿ ಹಳೆಯ ನಿಯಮದಲ್ಲಿ ಮುಗಿಯುತ್ತದೆ, ಯಾವುದು ದಾಟುತ್ತದೆ, ದಾಟುವಾಗ ಯಾವ ಕಾಲಮ್ಮು ಹೊಸದಾಗಿ ತುಂಬಬೇಕು, ಆಗಿದ್ದ ಕೆಲಸದಲ್ಲಿ ಯಾವುದನ್ನು ಮತ್ತೆ ಕೇಳುವಂತಿಲ್ಲ, ಅನುಮಾನ ಬಂದರೆ ತೀರ್ಮಾನಿಸುವವರು ಯಾರು. ಮೂಲ ಅರ್ಜಿಯ ದಿನಾಂಕ, ನಂಬರು ಯಾವ ದಾಟುವಿಕೆಯಲ್ಲೂ ಅಳಿಯಬಾರದು.

ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಿಂದ ತಾಲ್ಲೂಕು ಕಚೇರಿಗಳಲ್ಲಿ ಸಾಗಿದೆ. ಪ್ರತಿ ಕಟ್ಟನ್ನೂ ಬಿಚ್ಚಿ ಹಾಳೆ ಹಾಳೆ ನೋಡುವ ಇಂಥ ಅವಕಾಶ ಮತ್ತೆ ಬರಲಾರದು. ಸ್ಕ್ಯಾನ್ ಮಾಡುವಾಗಲೇ ಅಂತಿಮ ಆದೇಶವಿಲ್ಲದ ಕಡತಗಳನ್ನು ಬೇರೆ ಗುರುತು ಹಾಕಿ, ಸರ್ವೆ ನಂಬರಿನೊಂದಿಗೆ ಪಟ್ಟಿ ಮಾಡಬಹುದು. ಕೂಡ್ಲಿಗಿಯಲ್ಲಿ ಕೊಟ್ಟೂರಿನವು ಎಷ್ಟು ಉಳಿದಿವೆ, ಬಳ್ಳಾರಿ ಮತ್ತು ದಾವಣಗೆರೆಯಲ್ಲಿ ಹರಪನಹಳ್ಳಿಯವು ಎಷ್ಟು ಎಂಬುದು ಆಗ ಲೆಕ್ಕಕ್ಕೆ ಸಿಗುತ್ತದೆ. ಆ ಪಟ್ಟಿಯನ್ನು ಐದೂ ತಹಶೀಲ್ದಾರ್ ಕಚೇರಿಗಳ ನೋಟಿಸ್ ಬೋರ್ಡಿನಲ್ಲಿ, ಗ್ರಾಮ ಪಂಚಾಯತಿಗಳಲ್ಲಿ ಹಾಕಿ, ಗುಳೆ ಹೋದವರು ಊರಿಗೆ ಮರಳುವ ಯುಗಾದಿಯ ಹೊತ್ತಿಗೆ ಹೋಬಳಿವಾರು ಅದಾಲತ್ ನಡೆಸಬೇಕು.